ಸೋಫಾಕ್ಕ ನೀರು ಆಮ್ಯಾಲೆ, ಮೊದಲು ಧೂಳು

ವಾಡಿ, ಶಹಾಬಾದ್, ಸೇಡಂ, ಚಿತ್ತಾಪುರ ಕಡೆ ಫ್ಯಾಕ್ಟರಿ, ಗಣಿ ಹತ್ತಿರ ಮನಿ ಇದ್ದೋರಿಗೆ ಗೊತ್ತದ: ಮುಂಜಾನೆ ಒರೆಸಿದ ಸೋಫಾದ ಮ್ಯಾಲೆ ಸಂಜೀಕ ಬೆರಳಿಂದ ಹೆಸರು ಬರೀಬಹುದು. ಯೂಟ್ಯೂಬ್‌ನಾಗ ಸೋಫಾ ಕ್ಲೀನಿಂಗ್ ಅಂದ್ರ ಶುರುವಿಗೇ ಶಾಂಪೂ ನೊರೆ ತೋರಸ್ತಾರ. ನಮ್ಮ ಕಡೆ ಹಂಗ ಮಾಡಬ್ಯಾಡ್ರಿ.

ಯಾಕಂದ್ರ ನಮ್ಮಲ್ಲಿ ಕೂಡೋದು ಬರೇ ಮಣ್ಣಿನ ಧೂಳಲ್ಲ. ಸಿಮೆಂಟ್ ಪುಡಿಗೆ ನೀರು ತಾಗಿದ್ರ ಗಟ್ಟಿಯಾಗ್ತದ, ಅದರ ಕೆಲಸಾನೇ ಅದು! ಸುಣ್ಣದಕಲ್ಲಿನ ಪುಡಿ, ನಮ್ಮ ಶಹಾಬಾದ್ ಕಲ್ಲಿನ ಪಾಲಿಶ್ ಪುಡಿ ಹಂಗ ಗಟ್ಟಿಯಾಗೋದಿಲ್ಲ. ಆದ್ರ ರಾಡಿಯಾಗಿ ಬಟ್ಟೆಯ ಎಳೆ ದಾಟಿ ಫೋಮ್‌ಗೆ ಇಳೀತದ. ಒಣಗಿದ ಮ್ಯಾಲೆ ಬಿಳಿ ಕಲೆ.

ಅದಕ್ಕ ಮೊದಲು ಒಣ ಕೆಲಸ. ವ್ಯಾಕ್ಯೂಮ್‌ನ ಸಣ್ಣ ಮೂತಿ ಹಚ್ಚಿ ಸಂದಿ, ಹೊಲಿಗೆ, ಕುಶನ್ ಅಡಿ ನಿಧಾನ ಎಳೀರಿ. ವ್ಯಾಕ್ಯೂಮ್ ಇಲ್ಲಾಂದ್ರ ಕುಶನ್ ಹೊರಗ ಒಯ್ದು ಮೆತ್ತಗಿನ ಬ್ರಶ್ ಆಡಸ್ರಿ. ಮನಿಯೊಳಗ ಕೌದಿ ಬಡದಂಗ ಬಡೀಬ್ಯಾಡ್ರಿ; ಎದ್ದ ಧೂಳು ಕೂಸಿನ ಎದಿಯೊಳಗ ಹೋಗ್ತದ. ನೀವೂ ಮಾಸ್ಕ್ ಹಾಕ್ಕೊಳ್ರಿ, ಟವೆಲ್ ಕಟ್ಟಿಕೊಂಡ್ರ ಸಾಲಲ್ಲ.

ಆಮ್ಯಾಲೆ ಕುಶನ್ ಅಡಿ ಲೇಬಲ್ ಇದ್ರ ನೋಡ್ರಿ. ಡಬ್ಲ್ಯೂ ಅಂದ್ರ ನೀರು ನಡೀತದ. ಎಸ್ ಅಂದ್ರ ಸಾಲ್ವೆಂಟ್ ಮಾತ್ರ. ಎಕ್ಸ್ ಅಂದ್ರ ವ್ಯಾಕ್ಯೂಮ್ ಬಿಟ್ಟು ಏನೂ ಬ್ಯಾಡ. ನೀರು ನಡಿಯೋದಾದ್ರೂ ಬಕೆಟ್ ಸುರೀಬ್ಯಾಡ್ರಿ, ನೊರೆ ಅಷ್ಟೇ ಸಾಕು. ಗಡಸು ಬೋರ್ ನೀರೂ ಬಿಳಿ ಗುರುತು ಬಿಡ್ತದ, ಆರ್‌ಒ ನೀರು ಒಂದು ತಂಬಿಗೆ ತಗೋರಿ. ಒಣಗಸೋದು ನೆರಳಿನಾಗ, ಫ್ಯಾನ್ ಹಚ್ಚಿ. ನಮ್ಮ ಬಿಸಿಲಿಗೆ ಸೋಫಾ ಬೇಗ ಒಣಗ್ತದ ಖರೆ, ಬಣ್ಣಾನೂ ಹೋಗ್ತದ.