ಓರೆಯಕ್ಷರದ ವಿಚಾರ

(ಆಂಡಿಪಟ್ಟಿಯಲ್ಲಿ ಸೇರಿದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಳೆದ ವರ್ಷದ ಸಂಚಿಕೆಯಲ್ಲಿ ನಮ್ಮಿಂದ ಒಂದು ತಪ್ಪು ನಡೆಯಿತು. ಇಂಗ್ಲಿಷ್ ಪುಸ್ತಕಗಳಲ್ಲಿ ಪದ್ಯಗಳನ್ನು ಇಟಾಲಿಕ್ ಎಂಬ ಓರೆಯಕ್ಷರದಲ್ಲಿ ಹಾಕುವುದನ್ನು ಕಂಡು, ನಮ್ಮ ಮಕ್ಕಳ ಪದ್ಯಗಳನ್ನೂ ಹಾಗೆಯೇ ಅಚ್ಚು ಮಾಡಿಸಿದೆವು. ಸಂಚಿಕೆ ಮನೆಗಳಿಗೆ ತಲುಪಿದ ಮೂರನೆಯ ದಿನ ನೇಯ್ಗೆಯವರ ಮನೆಯ ಅಜ್ಜಿಯೊಬ್ಬರು ಪುಸ್ತಕ ಹಿಡಿದು ಶಾಲೆಗೇ ಬಂದರು. ಹುಟ್ಟಿದಾರಭ್ಯ ಮನೆಯಲ್ಲಿ ಕನ್ನಡವನ್ನೇ ಆಡಿದವರಾದರೂ, ಅವರು ಕನ್ನಡದ ಅಕ್ಷರವನ್ನು ಕಲಿತದ್ದು ಅರುವತ್ತು ದಾಟಿದ ಮೇಲೆ, ಮೊಮ್ಮಗನ ಪುಸ್ತಕವನ್ನು ನೋಡಿ. “ವಾದ್ಯಾರೇ, ಉಳಿದ ಪುಟ ಕೂಡಿಸಿಕೊಂಡು ಓದಿದೆ. ನಮ್ಮ ಹುಡುಗನದು ಮಾತ್ರ ಓದೋಕಾಗಲಿಲ್ಲ. ಅಕ್ಷರ ಯಾಕೆ ಹಿಂಗೆ ಬೀಳ್ತಾ ಇದೆ?” ಎಂದು ಕೇಳಿದರು. ಅಂದು ನಮ್ಮ ಬಳಿ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದುದನ್ನು ಈಗ ತಮ್ಮ ಮುಂದೆ ಇಡುತ್ತೇವೆ.

ಇಟಾಲಿಕ್ ಎಂಬ ಹೆಸರು ಇಟಲಿ ದೇಶದಿಂದ ಬಂದುದು. ಅಲ್ಲಿಯ ವಿದ್ವಾಂಸರೂ ಕಚೇರಿಯ ಲೇಖಕರೂ ಲೇಖನಿಯನ್ನು ಹೆಚ್ಚು ಎತ್ತದೆ ವೇಗವಾಗಿ ಬರೆಯುತ್ತಿದ್ದ ಕೈಬರಹ ಸ್ವಲ್ಪ ಬಲಕ್ಕೆ ಬಾಗಿರುತ್ತಿತ್ತು. ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಶಿಯಸ್ ಆ ಬರಹವನ್ನು ಅಚ್ಚಿಗೆ ತರಬಯಸಿದನು. ಫ್ರಾಂಚೆಸ್ಕೊ ಗ್ರಿಫೋ ಎಂಬ ಕುಶಲಿ ಅದಕ್ಕಾಗಿ ಉಕ್ಕಿನಲ್ಲಿ ಅಕ್ಷರಗಳನ್ನು ಕೊರೆದುಕೊಟ್ಟನು. 1501ರಲ್ಲಿ ವರ್ಜಿಲ್ ಕವಿಯ ಕೃತಿಗಳು ಆರಂಭದಿಂದ ಕೊನೆಯವರೆಗೆ ಈ ಅಕ್ಷರದಲ್ಲಿಯೇ ಹೊರಬಂದವು. ಪುಸ್ತಕವು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಕಿರಿದಾದ ಅಕ್ಷರ ಅದಕ್ಕೆ ಚೆನ್ನಾಗಿ ಒಪ್ಪಿತು. ಒಂದು ವಿನೋದವೆಂದರೆ, ಅದರಲ್ಲಿ ದೊಡ್ಡಕ್ಷರಗಳು ನೆಟ್ಟಗೇ ನಿಂತಿದ್ದವು, ಚಿಕ್ಕಕ್ಷರಗಳು ಮಾತ್ರ ಬಾಗಿದ್ದವು. ನೆಟ್ಟಕ್ಷರದ ನಡುವೆ ಒಂದೆರಡು ಮಾತುಗಳನ್ನು ಎತ್ತಿ ತೋರಿಸಲು ಓರೆಯಕ್ಷರವನ್ನು ಬಳಸುವ ಪದ್ಧತಿ ಬಂದುದು ತರುವಾಯ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಓರೆಯಕ್ಷರವೆಂದರೆ ನೆಟ್ಟಕ್ಷರವನ್ನು ತಳ್ಳಿ ಬಾಗಿಸಿದ್ದು ಎಂದು ತಿಳಿದಿದ್ದೀರಿ. ನಾವೂ ಹಾಗೆಯೇ ತಿಳಿದಿದ್ದೆವು. ಟೈಮ್ಸ್ ನ್ಯೂ ರೋಮನ್ ಎಂಬ ಅಕ್ಷರಮಾಲೆ 1932ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗಾಗಿ ಸಿದ್ಧವಾದುದು. ಇಂದು ಅನೇಕ ಕಂಪ್ಯೂಟರುಗಳಲ್ಲಿ ಉಂಟು. ಅದರ ನೆಟ್ಟ ರೂಪವನ್ನೂ ಓರೆ ರೂಪವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿರಿ. ನೆಟ್ಟ ‘ಎ’ ಅಕ್ಷರಕ್ಕೆ ಮೇಲೆ ಒಂದು ಚಾವಣಿಯಿದೆ. ಓರೆಯದರಲ್ಲಿ ಆ ಚಾವಣಿಯಿಲ್ಲ, ನಾವು ಕೈಯಲ್ಲಿ ಬರೆಯುವಂತೆ ಒಂದೇ ಹೊಟ್ಟೆ. ನೆಟ್ಟ ‘ಎಫ್’ ಗೆರೆಯ ಮೇಲೆ ನಿಲ್ಲುತ್ತದೆ. ಓರೆಯದರ ಬಾಲ ಗೆರೆಯ ಕೆಳಗೆ ಇಳಿಯುತ್ತದೆ. ನೆಟ್ಟ ‘ಎನ್’ ಅಕ್ಷರದ ಎರಡು ಕಾಲುಗಳಿಗೂ ಚಪ್ಪಟೆಯಾದ ಪಾದಗಳಿವೆ. ಓರೆಯದರಲ್ಲಿ ಪಾದದ ಬದಲು, ಲೇಖನಿ ಕಾಗದವನ್ನು ಬಿಟ್ಟು ಏಳುವಾಗ ಉಳಿಯುವಂಥ ಸಣ್ಣ ಕೊಕ್ಕೆ. ಎಂದರೆ ಪ್ರತಿಯೊಂದು ಅಕ್ಷರವನ್ನೂ ಬೇರೆಯಾಗಿಯೇ ಬರೆದು ರೂಪಿಸಿದ್ದಾರೆ.

ಮಗ್ಗದ ಮನೆಯವರಿಗೆ ಇದನ್ನು ನಾವು ವಿವರಿಸಬೇಕಾದುದಿಲ್ಲ. ಸೀರೆಯಲ್ಲಿ ಓರೆಗೆರೆ ಬೇಕಾದರೆ ಹಾಸುಹೊಕ್ಕಿನಲ್ಲಿಯೇ ಅದನ್ನು ತರಬೇಕು. ನೇಯ್ದ ಬಟ್ಟೆಯ ಮೂಲೆಯನ್ನು ಹಿಡಿದು ಎಳೆದರೆ ಬಟ್ಟೆ ಸೊಟ್ಟಗಾದೀತೇ ಹೊರತು ಓರೆಗೆರೆ ಬಾರದು.

ನಮ್ಮ ಸಂಚಿಕೆಯಲ್ಲಿ ನಡೆದುದು ಈ ಎಳೆದಾಟವೇ. ಕನ್ನಡಕ್ಕೆ ಇಟಲಿಯವರಂತೆ ಬೇರೆಯಾಗಿ ಬೆಳೆದ ಓರೆಯಚ್ಚಿನ ಪರಂಪರೆಯಿಲ್ಲ. 1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ ಅಚ್ಚಾಯಿತು. 1843ರಲ್ಲಿ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಟಿತು. 1894ರಲ್ಲಿ ಕಿಟ್ಟೆಲರ ಮಹಾನಿಘಂಟು ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಬಂದಿತು. ದುಂಡಗೆ ನೆಟ್ಟಗೆ ನಿಲ್ಲುವುದೇ ನಮ್ಮ ಅಕ್ಷರದ ಅಭ್ಯಾಸ. ಕಂಪ್ಯೂಟರಿನ ಗುಂಡಿಯೊತ್ತಿ ಬಾಗಿಸಿದಾಗ ಗೆರೆಯ ಮೇಲಿರುವ ತಲೆಕಟ್ಟು ಬಲಕ್ಕೆ ಜಾರುತ್ತದೆ, ಗೆರೆಯ ಕೆಳಗಿರುವ ಒತ್ತಕ್ಷರ ಎಡಕ್ಕೆ ಜಾರುತ್ತದೆ. ‘ಠ’ಕಾರ ಒರಗಿಸಿಟ್ಟ ಮೊಟ್ಟೆಯಂತಾಗುತ್ತದೆ. ಬಲ್ಲವರು ಊಹೆಯಿಂದ ಓದಿಕೊಳ್ಳುತ್ತಾರೆ. ಒಂದೊಂದೇ ಅಕ್ಷರವನ್ನು ಬೆರಳಿಟ್ಟು ಓದುವವರು ತಡವರಿಸುತ್ತಾರೆ. ಸಿನಿಮಾ ಭಿತ್ತಿಪತ್ರದವರು ನಾಲ್ಕಕ್ಷರವನ್ನು ಬಾಗಿಸಿಕೊಂಡರೆ ನಮ್ಮ ಆಕ್ಷೇಪವಿಲ್ಲ. ಸುತ್ತಲೂ ತಮಿಳು ಅಕ್ಷರವೇ ಇರುವ ಈ ಊರಿನಲ್ಲಿ, ಕನ್ನಡದ ಓದುಗರೊಬ್ಬರನ್ನು ಪುಟದಿಂದ ಓಡಿಸುವಷ್ಟು ಸಿರಿವಂತರು ನಾವಲ್ಲ.

ಹಾಗೆಂದು ಓರೆಯಕ್ಷರವನ್ನು ಮರೆಯುವಂತಿಲ್ಲ. ಇಂಗ್ಲಿಷಿನಲ್ಲಿ ಪುಸ್ತಕದ ಹೆಸರು, ಹಡಗಿನ ಹೆಸರು, ಪರಭಾಷೆಯ ಮಾತು ಇವುಗಳಿಗೆ ಅದು ಬೇಕು. ವಿಜ್ಞಾನದ ವಿದ್ಯಾರ್ಥಿಗಳಿಗಂತೂ ಅಗತ್ಯ. ಭತ್ತಕ್ಕೆ ಒರೈಜಾ ಸಟೈವಾ ಎಂಬ ಶಾಸ್ತ್ರೀಯ ನಾಮವನ್ನು ಲ್ಯಾಟಿನ್ ಲಿಪಿಯಲ್ಲಿ ಅಚ್ಚು ಮಾಡುವಾಗ ಓರೆಯಾಗಿ ಹಾಕಬೇಕು, ಕೈಯಲ್ಲಿ ಬರೆಯುವಾಗ ಕೆಳಗೆ ಗೆರೆಯೆಳೆಯಬೇಕು. ಹಸ್ತಪ್ರತಿಯಲ್ಲಿ ಗೆರೆಯೆಳೆದ ಮಾತನ್ನು ಓರೆ ಮೊಳೆಯಲ್ಲಿ ಜೋಡಿಸು ಎಂಬುದು ಅಚ್ಚುಕೂಟದ ಹಳೆಯ ಸಂಕೇತ. ಪರೀಕ್ಷೆಯಲ್ಲಿ ಆ ಗೆರೆಯನ್ನು ಮರೆಯಬೇಡಿರಿ.

ಇನ್ನು ಒತ್ತಿ ಹೇಳುವ ಕೆಲಸ. ಇಂಗ್ಲಿಷಿನವರು ‘ನಾನು’ ಎಂಬ ಮಾತನ್ನು ಬಾಗಿಸಿ ಯಾವುದನ್ನು ಸೂಚಿಸುತ್ತಾರೋ ಅದನ್ನು ಕನ್ನಡವು ಒಂದು ಪ್ರತ್ಯಯದಿಂದ ಮಾಡಿ ಮುಗಿಸುತ್ತದೆ. ನಾನೇ ನೋಡಿದೆ, ನಾನೂ ನೋಡಿದೆ, ನಾನಂತೂ ನೋಡಿದೆ. ಮೂರಕ್ಕೂ ಮೂರು ಅರ್ಥ. ಒಂದಕ್ಕೂ ಓರೆ ಮೊಳೆ ಬೇಡ. ಪುಸ್ತಕದ ಹೆಸರಿಗೆ ಉದ್ಧರಣ ಚಿಹ್ನೆ ಸಾಕು, ಶೀರ್ಷಿಕೆಗೆ ದಪ್ಪಕ್ಷರ ಸಾಕು.

ಈ ವರ್ಷದ ಸಂಚಿಕೆಯ ಕರಡು ಮೊನ್ನೆ ಕೈಸೇರಿತು. ಪದ್ಯಗಳೆಲ್ಲ ನೆಟ್ಟಗಿವೆ, ಅಕ್ಷರವೂ ಒಂದು ಅಳತೆ ದೊಡ್ಡದು. ಕಳೆದ ವರ್ಷದ ಆ ಹುಡುಗನ ಪದ್ಯವನ್ನೂ ಮರಳಿ ಸೇರಿಸಿದ್ದೇವೆ. ಕರಡನ್ನು ಮೊದಲು ಆ ಅಜ್ಜಿಗೆ ಕಳುಹಿಸಿಕೊಟ್ಟೆವು. ಪೂರ್ತಿ ಓದಿ, ಮೂರನೆಯ ಸಾಲಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆಯೆಂದು ಮೊಮ್ಮಗನ ಕೈಯಲ್ಲಿ ಹೇಳಿ ಕಳುಹಿಸಿದ್ದಾರೆ.