ಹಗೇವುಗಳ ಊರು ಚೆರಿನ್ಯೋಲ



ಉತ್ತರ ಕರ್ನಾಟಕದ ಹಿರಿಯರಿಗೆ ಹಗೇವು ಏನೆಂದು ಹೇಳಿಕೊಡಬೇಕಿಲ್ಲ. ನೆಲ ಅಗೆದು, ಹುಲ್ಲು ಹಾಸಿ, ಜೋಳ ಸುರಿದು, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದ ಕಣಜ ಅದು. ಅಂಥ ನೂರಾರು ಹಗೇವುಗಳು ಒಂದೇ ಬಯಲಲ್ಲಿ ಒತ್ತೊತ್ತಾಗಿ ಇರುವ ಊರೊಂದು ದಕ್ಷಿಣ ಇಟಲಿಯಲ್ಲಿದೆ. ಚೆರಿನ್ಯೋಲ ಅಂತ. ವರ್ಷಗಳಿಂದ ನನ್ನ ಮನಸ್ಸಿಗೆ ಹತ್ತಿಕೊಂಡ ಊರು.

ಪುಲ್ಯ ಪ್ರಾಂತ್ಯದ ಫೋಜ್ಜ ಜಿಲ್ಲೆಯಲ್ಲಿ, ಕಣ್ಣು ಹಾಯುವಷ್ಟು ದೂರವೂ ಸಪಾಟಾದ ಗೋಧಿ ಸೀಮೆಯಲ್ಲಿ ಈ ಊರಿದೆ. ಸುಗ್ಗಿ ಮುಗಿದರೆ ಗೋಧಿ ಬಂಡಿ ಬಂದು ನಿಲ್ಲುತ್ತಿದ್ದದ್ದು ಈ ಹಗೇವುಗಳ ಬಯಲಲ್ಲೇ. ಒಂದೊಂದು ಹಗೇವಿನ ತಲೆಗೆ ಒಂದೊಂದು ನೆಟ್ಟ ಕಲ್ಲು. ಅದರ ಮೇಲೆ ಹಗೇವಿನ ಅಂಕೆ, ಒಡೆಯನ ಹೆಸರಿನ ಮೊದಲ ಅಕ್ಷರ. ಮೇಲಿನಿಂದ ನೋಡಿದರೆ ಬರೀ ಕಲ್ಲು, ಬರೀ ಮಣ್ಣು. ಊರಿನ ಸಿರಿಯೆಲ್ಲ ಕಾಲ ಕೆಳಗೆ.

ಊರಿನ ಹಳೆಯ ಕಥೆ ಬೇಗ ಮುಗಿಸುತ್ತೇನೆ. 1503ರ ಏಪ್ರಿಲ್ 28ರಂದು ಇಲ್ಲಿ ಸ್ಪೇನಿನ ಸೈನ್ಯ ಕಂದಕ ತೋಡಿ, ಅದರ ಹಿಂದೆ ಬಂದೂಕಿನವರನ್ನು ನಿಲ್ಲಿಸಿ, ಫ್ರೆಂಚರ ಕುದುರೆ ದಂಡನ್ನು ಮುರಿಯಿತು. 1731ರ ಭೂಕಂಪ ಹಳೆಯ ಊರನ್ನು ಕೆಡವಿತು. ಪಾವೊಲೊ ತೊಂತಿ ಎಂಬ ಸಿರಿವಂತ ಬಿಟ್ಟುಹೋದ ಆಸ್ತಿಯಿಂದ ಗುಮ್ಮಟದ ದೊಡ್ಡ ಇಗರ್ಜಿಯೊಂದು 1873ರಲ್ಲಿ ಶುರುವಾಗಿ 1934ರಲ್ಲಿ ಬಾಗಿಲು ತೆರೆಯಿತು. ಊರನ್ನು ಕಾಯುವ ರಿಪಾಲ್ತಾದ ಮಾತೆಯ ಪಟ ಅರ್ಧ ವರ್ಷ ಇಲ್ಲಿ, ಇನ್ನರ್ಧ ವರ್ಷ ಹೊರಗೆ ಹೊಲಸೀಮೆಯ ಗುಡಿಯಲ್ಲಿ. ಹೊಲವನ್ನೇ ನಂಬಿದ ಊರಿನ ದೇವಿ ಹೀಗಲ್ಲದೆ ಇನ್ನು ಹೇಗೆ ಇದ್ದಾಳು? ಸಂಗೀತಗಾರ ಮಸ್ಕಾನಿ ಇಲ್ಲಿ ಮೇಷ್ಟರಾಗಿದ್ದಾಗಲೇ ತಮ್ಮ ಹೆಸರಾಂತ ಒಪೆರಾ ರಚಿಸಿದರು. 1890ರಲ್ಲಿ ರೋಮ್ ಅದನ್ನು ಕೇಳಿ ಎದ್ದು ಕುಣಿಯಿತು.

ಆದರೆ ನನ್ನನ್ನು ಹಿಡಿದಿಟ್ಟವನು ಒಬ್ಬ ಕೂಲಿ ಹುಡುಗ.

ಆ ಗೋಧಿ ಬೆಳೆದವರಿಗೆ ತುಂಡು ಹೊಲವೂ ಇರಲಿಲ್ಲ. ಅಲ್ಲಿನ ಮಾತಲ್ಲಿ ಅವರು ‘ಬ್ರಾಚ್ಚಾಂತಿ’. ತೋಳು ಎಂಬ ಪದದಿಂದ ಹುಟ್ಟಿದ ಹೆಸರು. ನಮ್ಮಲ್ಲಾದರೆ ರಟ್ಟೆ ನಂಬಿದವರು ಅನ್ನುತ್ತಿದ್ದೆವು. ಅಂಥ ಮನೆಯಲ್ಲಿ 1892ರಲ್ಲಿ ಜುಸೆಪ್ಪೆ ದಿ ವಿತ್ತೋರಿಯೊ ಹುಟ್ಟಿದ. ಅಪ್ಪ ತೀರಿಕೊಂಡಾಗ ಇನ್ನೂ ಚಿಕ್ಕವನು. ಶಾಲೆ ಬಿಟ್ಟು ಹೊಲಕ್ಕಿಳಿದ. ಆದರೆ ಓದುವ ಹಸಿವು ಹೋಗಲಿಲ್ಲ. ಸಿಕ್ಕಿದ್ದು ಓದುವುದು, ತಿಳಿಯದ ಪದಗಳನ್ನೆಲ್ಲ ಒಂದು ಪುಸ್ತಕದಲ್ಲಿ ಗೀಚಿಕೊಳ್ಳುವುದು, ಬಲ್ಲವರು ಸಿಕ್ಕಾಗ ಕೇಳುವುದು. ಒಂದು ದಿನ ಹಳೆಯ ಪುಸ್ತಕದಂಗಡಿಯಲ್ಲಿ ಒಂದು ದಪ್ಪ ಹೊತ್ತಿಗೆ ತೆರೆದರೆ, ಪದಗಳೆಲ್ಲ ಅರ್ಥದ ಸಮೇತ ಅಲ್ಲೇ ಕೂತಿವೆ! ಜಗತ್ತಿನಲ್ಲಿ ನಿಘಂಟು ಎಂಬುದೊಂದು ಇದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಜೇಬಿನಲ್ಲಿದ್ದ ದುಡ್ಡನ್ನೆಲ್ಲ ಕೊಟ್ಟು ಕೊಂಡನಂತೆ. ಈ ಕಥೆ ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆ ಹುಡುಗ ಕೂಲಿಗಳ ಸಂಘ ಕಟ್ಟಿದ. 1921ರಲ್ಲಿ ಜೈಲಿನಲ್ಲಿದ್ದಾಗಲೇ ಜನ ಅವರನ್ನು ಸಂಸತ್ತಿಗೆ ಆರಿಸಿದರು. ಮುಸೊಲಿನಿಯ ಕಾಲದಲ್ಲಿ ದೇಶ ಬಿಟ್ಟು ಅಲೆದರು, ಸ್ಪೇನಿನ ಅಂತರ್ಯುದ್ಧಕ್ಕೆ ಹೋದರು, ಆಮೇಲೆ ದ್ವೀಪವೊಂದರಲ್ಲಿ ಬಂದಿಯಾದರು. ಬಿಡುಗಡೆಯಾದ ಮೇಲೆ ಇಟಲಿಯ ಅತಿ ದೊಡ್ಡ ಕಾರ್ಮಿಕ ಒಕ್ಕೂಟದ ನಾಯಕರಾದರು. 1956ರಲ್ಲಿ ಸೋವಿಯತ್ ಟ್ಯಾಂಕುಗಳು ಹಂಗರಿಗೆ ನುಗ್ಗಿದಾಗ, ಕಮ್ಯುನಿಸ್ಟರಾಗಿದ್ದೂ ತಮ್ಮ ಪಕ್ಷದ ಮಾತು ಮೀರಿ ತಪ್ಪೆಂದರು. ನನ್ನ ಕಣ್ಣಿಗೆ ಅವರು ದೊಡ್ಡವರಾಗುವುದು ಅಲ್ಲೇ. 1957ರ ನವೆಂಬರಿನಲ್ಲಿ, ಕಾರ್ಮಿಕರನ್ನು ಕಾಣಲು ಹೋದ ಲೆಕ್ಕೊ ಪಟ್ಟಣದಲ್ಲಿ ಕೊನೆಯುಸಿರೆಳೆದರು.

ಆ ಹಗೇವುಗಳು ಇವತ್ತಿಗೂ ಅಲ್ಲಿವೆ, ಕಲ್ಲಿನ ಮೇಲೆ ಒಡೆಯರ ಅಕ್ಷರಗಳೂ ಇವೆ. ನಮ್ಮಲ್ಲಿ ಎಷ್ಟೋ ಹಗೇವುಗಳ ಮೇಲೆ ಗೋಡೆ ಎದ್ದಿದೆ, ರಸ್ತೆ ಹಾದಿದೆ. ನಿಮ್ಮೂರಲ್ಲಿ ಅದರೊಳಗೆ ಇಳಿದು ಜೋಳ ತೆಗೆದ ಅಜ್ಜ ಯಾರಾದರೂ ಇದ್ದರೆ, ದಯವಿಟ್ಟು ಈ ವಾರವೇ ಹೋಗಿ ಪಕ್ಕದಲ್ಲಿ ಕೂತು ಕೇಳಿ. ಹೇಳಿದ್ದನ್ನು ಬರೆದಿಡಿ. ಆ ಅಜ್ಜನ ಹೆಸರನ್ನೂ ಬರೆಯಿರಿ.