ಹುಳುವಿಗೆ ಮಾಡುವ ಆರೈಕೆ ನಮಗೂ ಇರಲಿ

(ಸಂಜೆಯ ಕಲಿಕಾ ಕೇಂದ್ರದಲ್ಲಿ ಶಾಲಾ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)

ನಾನು ಶಾಲೆಯ ಟೀಚರ್. ಡಾಕ್ಟರ್ ಅಲ್ಲ. ರೋಗಕ್ಕೆ ಔಷಧಿ ಹೇಳೋಕೆ ಬಂದಿಲ್ಲ. ರೋಗ ಬಾರದ ಹಾಗೆ ದಿನದಿನ ನಾವೇ ಏನು ಮಾಡಬಹುದು, ಅಷ್ಟನ್ನು ಮಾತ್ರ ಹೇಳ್ತೀನಿ.

ಆರೋಗ್ಯದ ಮಾತು ಎತ್ತಿದರೆ ಸಾಕು, "ನಮಗೆ ಪುರುಸೊತ್ತು ಎಲ್ಲಿದೆ ಟೀಚರ್?" ಅಂತ ಕೇಳ್ತೀರಿ. ನಿಜ. ಬೆಳಗ್ಗೆ ಎದ್ದರೆ ಹಸು ಕರೆಯಬೇಕು, ಡೈರಿಗೆ ಹಾಲು ಹಾಕಬೇಕು. ಸೊಪ್ಪು ಕೊಯ್ಯಬೇಕು, ಹುಳುವಿಗೆ ಹಾಕಬೇಕು. ಮಕ್ಕಳನ್ನು ಶಾಲೆಗೆ ಕಳಿಸಬೇಕು. ಆಮೇಲೆ ಕೂಲಿ, ಇಲ್ಲವೇ ನೂಲು ಬಿಚ್ಚೋ ಕೆಲಸ. ರಾತ್ರಿ ಮತ್ತೆ ಒಲೆ. ಇದರ ನಡುವೆ ವ್ಯಾಯಾಮ ಮಾಡಿ, ಹಣ್ಣು ತಿನ್ನಿ ಅಂದರೆ ನಿಮಗೆ ನಗು ಬರುತ್ತೆ.

ಅದಕ್ಕೇ ನಾನು ಹೊಸ ಕೆಲಸ ಹೇಳೋದಿಲ್ಲ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸವನ್ನೇ ನೆನಪು ಮಾಡ್ತೀನಿ.

ಹುಳು ಮನೆಯನ್ನು ನೋಡಿ

ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರದ ಕಡೆ ರೇಷ್ಮೆ ಗೊತ್ತಿಲ್ಲದ ಊರಿಲ್ಲ. ಹುಳು ಮನೆಗೆ ಹೋಗುವಾಗ ನೀವು ಏನು ಮಾಡ್ತೀರಿ? ಕೈ ಕಾಲು ತೊಳೀತೀರಿ. ಚಪ್ಪಲಿ ಹೊರಗೆ ಬಿಡ್ತೀರಿ. ಒಳಗೆ ಬೀಡಿ ಸೇದೋಕೆ ಯಾರನ್ನೂ ಬಿಡೋದಿಲ್ಲ. ಧೂಳು ಹಿಡಿದ ಸೊಪ್ಪು ಹಾಕೋದಿಲ್ಲ. ಔಷಧಿ ಹೊಡೆದ ತೋಟದ ಸೊಪ್ಪನ್ನು ಮುಟ್ಟೋದಿಲ್ಲ. ಹೊತ್ತಿಗೆ ಸರಿಯಾಗಿ ಮೇವು ಕೊಡ್ತೀರಿ. ಗಾಳಿ ಆಡೋಕೆ ಕಿಟಕಿ ತೆಗೀತೀರಿ.

ಹುಳು ಜ್ವರಕ್ಕೆ ಕೂತಾಗ ಏನು ಮಾಡ್ತೀರಿ? ಆ ಜ್ವರ ಕಾಯಿಲೆ ಅಲ್ಲ, ಹುಳು ಪೊರೆ ಬಿಡುವ ಹೊತ್ತು ಅಂತ ನಿಮಗೆ ಗೊತ್ತು. ಆಗ ಸೊಪ್ಪು ಹಾಕೋದಿಲ್ಲ. ಅಲುಗಾಡಿಸೋದಿಲ್ಲ. ಸುಮ್ಮನೆ ಬಿಡ್ತೀರಿ. ಹೀಗೆ ನಾಲ್ಕು ಜ್ವರ ದಾಟಿದ ಮೇಲೆ ಹುಳು ಹಣ್ಣಾಗುತ್ತೆ, ಗೂಡು ಕಟ್ಟುತ್ತೆ.

ಒಂದು ತಿಂಗಳೂ ಬಾಳದ ಹುಳುವಿಗೆ ಇಷ್ಟು ಆರೈಕೆ. ಅರವತ್ತು ಎಪ್ಪತ್ತು ವರ್ಷ ಬಾಳಬೇಕಾದ ನಮಗೆ? ಹುಳುವಿಗೆ ಮಾಡೋದರಲ್ಲಿ ಅರ್ಧ ನಮಗೂ ಮಾಡಿಕೊಂಡರೆ ಎಷ್ಟೋ ಕಾಯಿಲೆ ಹತ್ತಿರ ಬರೋದಿಲ್ಲ. ಒಂದೊಂದಾಗಿ ನೋಡೋಣ.

ಮೊದಲನೆಯದು ನೀರು

ನಮ್ಮ ಜಿಲ್ಲೆಯಲ್ಲಿ ಆರೋಗ್ಯದ ಮಾತು ನೀರಿನಿಂದಲೇ ಶುರುವಾಗಬೇಕು. ನಂದಿ ಬೆಟ್ಟದ ಸಾಲಿನಲ್ಲಿ ಉತ್ತರ ಪಿನಾಕಿನಿ, ಅರ್ಕಾವತಿ ಮುಂತಾದ ನದಿಗಳು ಹುಟ್ಟುತ್ತವೆ. ಆದರೂ ವರ್ಷವಿಡೀ ಹರಿಯುವ ಹೊಳೆ ನಮಗಿಲ್ಲ. ಹಿಂದೆ ಕೆರೆ ಇತ್ತು, ತೆರೆದ ಬಾವಿ ಇತ್ತು. ಬಾವಿ ಬತ್ತಿದ ಮೇಲೆ ಬೋರ್‌ವೆಲ್ ಬಂತು. ಅದು ಸಾವಿರ ಅಡಿ ದಾಟಿ ಕೆಳಗೆ ಹೋಯಿತು.

ನಮ್ಮ ನೆಲದ ಕೆಳಗೆ ಇರೋದು ಕಗ್ಗಲ್ಲು. ಆ ಕಲ್ಲಿನಲ್ಲಿ ಫ್ಲೋರೈಡ್ ಅನ್ನುವ ಅಂಶ ಇದೆ. ನೀರು ಕಲ್ಲಿನ ಸಂದಿಯಲ್ಲಿ ಬಹಳ ಕಾಲ ನಿಂತರೆ ಅದು ನೀರಿಗೆ ಇಳಿಯುತ್ತೆ. ಬಾಗೇಪಲ್ಲಿ, ಗುಡಿಬಂಡೆ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಎಷ್ಟೋ ಊರುಗಳಲ್ಲಿ ಈ ತೊಂದರೆ ಇದೆ.

ಫ್ಲೋರೈಡ್ ಕಣ್ಣಿಗೆ ಕಾಣೋದಿಲ್ಲ. ವಾಸನೆ ಇಲ್ಲ. ರುಚಿಯಲ್ಲೂ ಗೊತ್ತಾಗೋದಿಲ್ಲ. ತಿಳಿಯಾದ, ತಣ್ಣನೆಯ ನೀರಿನಲ್ಲೂ ಇರಬಹುದು. ಅದು ಹೆಚ್ಚಾದರೆ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಗೆರೆ ಮೂಡುತ್ತವೆ. ಎಷ್ಟು ಉಜ್ಜಿದರೂ ಹೋಗೋದಿಲ್ಲ. ಇಂಥ ಮಗು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತೆ. "ಹಲ್ಲು ಉಜ್ಜೋದಿಲ್ವಾ?" ಅಂತ ಮಗುವನ್ನು ಬೈಯಬೇಡಿ. ತಪ್ಪು ಮಗುವಿನದಲ್ಲ, ನೀರಿನದು. ದೊಡ್ಡವರು ಬಹಳ ವರ್ಷ ಇದೇ ನೀರು ಕುಡಿದರೆ ಕೀಲು ನೋಯುತ್ತೆ, ಸೊಂಟ ಬಗ್ಗೋದು ಕಷ್ಟವಾಗುತ್ತೆ. ಒಮ್ಮೆ ಮೂಳೆ ಬಿಗಿದುಕೊಂಡರೆ ಅದನ್ನು ಮೊದಲಿನ ಹಾಗೆ ಮಾಡುವ ಔಷಧಿ ಇಲ್ಲ.

"ಕಾಯಿಸಿ ಕುಡಿದರೆ ಆಯ್ತಲ್ಲ ಟೀಚರ್?" ಅಂತ ಕೇಳಬಹುದು. ಕಾಯಿಸಿದರೆ ವಾಂತಿ ಭೇದಿ ತರುವ ಕ್ರಿಮಿ ಸಾಯುತ್ತವೆ, ಅದು ಒಳ್ಳೆಯದು. ಆದರೆ ಫ್ಲೋರೈಡ್ ಹೋಗೋದಿಲ್ಲ. ನೀರು ಆವಿಯಾಗಿ ಕಡಿಮೆಯಾಗುತ್ತೆ, ಫ್ಲೋರೈಡ್ ಅಲ್ಲೇ ಉಳಿಯುತ್ತೆ. ಬಟ್ಟೆಯಲ್ಲಿ ಸೋಸಿದರೂ ಹೋಗೋದಿಲ್ಲ.

ಹಾಗಾದರೆ ಏನು ಮಾಡೋದು?

ನೀರನ್ನು ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯ್ತಿಯಲ್ಲಿ ಕೇಳಿ. "ನಮ್ಮೂರ ಬೋರಿನ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ? ಚೀಟಿ ತೋರಿಸಿ" ಅನ್ನಿ. ನಿಮಗೆ ಈಗ ಅಂಕಿ ಓದೋಕೆ ಬರುತ್ತೆ. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಕುಡಿಯಬಹುದು. ಅದಕ್ಕಿಂತ ಹೆಚ್ಚಿದ್ದರೆ ಕುಡಿಯೋಕೂ ಬೇಡ, ಅಡಿಗೆಗೂ ಬೇಡ. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಬಳಸಿ, ತೊಂದರೆ ಇಲ್ಲ.

ಕುಡಿಯೋಕೆ ಊರಿನ ಶುದ್ಧ ನೀರಿನ ಘಟಕದ ನೀರು ತನ್ನಿ. ಮುದ್ದೆಗೆ, ಸಾರಿಗೆ, ಮಗುವಿನ ಗಂಜಿಗೂ ಅದೇ ನೀರು ಹಾಕಿ. ತಂದ ನೀರು ಎಲ್ಲರಿಗೂ ಸಾಲದಿದ್ದರೆ ಮೊದಲು ಎಂಟು ವರ್ಷದ ಒಳಗಿನ ಮಕ್ಕಳಿಗೆ, ಬಸುರಿಗೆ, ಬಾಣಂತಿಗೆ ಕೊಡಿ. ದೊಡ್ಡ ಹಲ್ಲು ಒಸಡಿನೊಳಗೆ ಬೆಳೆಯೋದು ಆ ವಯಸ್ಸಿನಲ್ಲೇ. ಮಳೆ ನೀರಿನಲ್ಲಿ ಫ್ಲೋರೈಡ್ ಇರೋದಿಲ್ಲ ಅನ್ನಬಹುದು. ಮೊದಲ ಮಳೆ ಹೋಗಲಿ ಬಿಡಿ. ಆಮೇಲಿನ ಮಳೆಯ ನೀರನ್ನು ಶುದ್ಧವಾದ ಚಾವಣಿಯಿಂದ ಹಿಡಿದು, ಸೋಸಿ, ಮುಚ್ಚಿಡಿ. ಕಾಯಿಸಿ ಆರಿಸಿ ಕುಡಿಯಿರಿ.

ಘಟಕ ಕೆಟ್ಟು ನಿಂತರೆ ಸುಮ್ಮನಿರಬೇಡಿ. ನಾಲ್ಕು ಜನ ಸೇರಿ ಒಂದು ಅರ್ಜಿ ಬರೆಯಿರಿ. ತಾರೀಖು ಹಾಕಿ, ಸಹಿ ಮಾಡಿ. ಹೆಬ್ಬೆಟ್ಟಲ್ಲ, ಸಹಿ. ಗ್ರಾಮ ಸಭೆಯಲ್ಲಿ ಎದ್ದು ಕೇಳಿ. ಓದು ಬರಹ ಕಲಿತದ್ದು ಬಸ್ಸಿನ ಬೋರ್ಡು ಓದೋಕೆ ಮಾತ್ರ ಅಲ್ಲ.

ಇನ್ನೊಂದು ಮಾತು ಹೆಣ್ಣುಮಕ್ಕಳಿಗೆ. ತೋಟದಲ್ಲಿ, ನೂಲು ಬಿಚ್ಚೋ ಕಡೆ ಶೌಚಾಲಯ ಇರೋದಿಲ್ಲ ಅಂತ ಎಷ್ಟೋ ಜನ ದಿನವೆಲ್ಲ ನೀರೇ ಕುಡಿಯೋದಿಲ್ಲ. ಮೂತ್ರ ತಡೆದುಕೊಳ್ತಾರೆ. ಇದರಿಂದ ಉರಿಮೂತ್ರ ಬರುತ್ತೆ, ಮೂತ್ರದಲ್ಲಿ ಕಲ್ಲು ಕಟ್ಟಬಹುದು. ಮೂತ್ರ ಗಾಢ ಹಳದಿಯಾದರೆ ನೀರು ಸಾಲದು ಅಂತ ಅರ್ಥ. ಮನೆಯಿಂದ ಒಂದು ಬಾಟಲಿ ನೀರು ತಗೊಂಡು ಹೋಗಿ. ಕೆಲಸ ಕೊಡುವವರನ್ನು ಎಲ್ಲರೂ ಒಟ್ಟಾಗಿ ಶೌಚಾಲಯ ಕೇಳಿ. ಇದರಲ್ಲಿ ನಾಚಿಕೆ ಏನಿಲ್ಲ.

ಎರಡನೆಯದು ಊಟ

ಹುಳುವಿಗೆ ಎಳೆ ಸೊಪ್ಪು ಯಾವಾಗ, ಬಲಿತ ಸೊಪ್ಪು ಯಾವಾಗ ಅಂತ ನೋಡಿ ಹಾಕ್ತೀರಿ. ನಮ್ಮ ತಟ್ಟೆಯನ್ನೂ ಸ್ವಲ್ಪ ನೋಡಿಕೊಳ್ಳೋಣ.

ನಮ್ಮ ಮುದ್ದೆ ಬಡವರ ಊಟ ಅಂತ ಕೆಲವರು ಅಂತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಅಷ್ಟೇ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. ಮೂಳೆಗೆ ಬೇಕಾದದ್ದು ಈ ಸುಣ್ಣದ ಅಂಶವೇ. ಫ್ಲೋರೈಡ್ ಇರುವ ನಮ್ಮ ಸೀಮೆಯಲ್ಲಿ ರಾಗಿ, ಹಾಲು, ಮಜ್ಜಿಗೆ, ಸೊಪ್ಪು ಇನ್ನೂ ಹೆಚ್ಚು ಬೇಕು. ಡೈರಿಗೆ ಹಾಲು ಹಾಕಿ, ಮನೆಯ ಮಗುವಿಗೆ ಕರಿ ಟೀ ಕೊಡಬೇಡಿ. ಒಂದು ಲೋಟ ಹಾಲು ಉಳಿಸಿಕೊಳ್ಳಿ.

ಮುದ್ದೆಗೆ ಬಸ್ಸಾರು ಇದ್ದರೆ ಬಹಳ ಒಳ್ಳೆಯದು. ಸೊಪ್ಪು, ಕಾಳು ಬೇಯಿಸಿದ ನೀರನ್ನು ಚೆಲ್ಲದೆ ಸಾರು ಮಾಡ್ತೀವಿ. ಸತ್ವ ಎಲ್ಲ ಹೊಟ್ಟೆಗೇ ಹೋಗುತ್ತೆ. ಹುರುಳಿ, ಅವರೆ, ಅಲಸಂದೆ, ಯಾವುದಾದರೂ ಸರಿ. ನುಗ್ಗೆ ಸೊಪ್ಪು, ದಂಟಿನ ಸೊಪ್ಪು ಹಿತ್ತಲಲ್ಲೇ ಸಿಗುತ್ತೆ. ಔಷಧಿ ಹೊಡೆದ ಟೊಮೇಟೊ, ದ್ರಾಕ್ಷಿಯನ್ನು ಕಿತ್ತ ಕೈಯಲ್ಲೇ ಬಾಯಿಗೆ ಹಾಕಬೇಡಿ. ಚೆನ್ನಾಗಿ ತೊಳೆದು ತಿನ್ನಿ.

ಹೆಣ್ಣುಮಕ್ಕಳಿಗೆ ಸುಸ್ತು, ತಲೆಸುತ್ತು, ಏದುಸಿರು ಇದ್ದರೆ ರಕ್ತ ಕಡಿಮೆ ಇರಬಹುದು. ಪರೀಕ್ಷೆ ಮಾಡಿಸಿ. ಸೊಪ್ಪಿನ ಜೊತೆ ನಿಂಬೆಹುಳಿ ಹಿಂಡಿಕೊಳ್ಳಿ, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುತ್ತೆ. ಊಟವಾದ ತಕ್ಷಣ ಟೀ ಕುಡಿದರೆ ಅದು ಮೈಗೆ ಹತ್ತೋದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಇನ್ನು, ಎಲ್ಲರೂ ತಿಂದು ಉಳಿದದ್ದನ್ನು ತಿನ್ನುವ ಅಭ್ಯಾಸ ಬಿಡಿ. ಮನೆಯವರ ಜೊತೆಗೇ ಕೂತು ತಿನ್ನಿ.

ಉಪ್ಪಿನ ಲೆಕ್ಕ ಮಾಡೋಣ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಸಾಕು. ಅಂದರೆ ಒಂದು ಟೀ ಚಮಚ. ನಾಲ್ಕು ಜನರಿಗೆ ದಿನಕ್ಕೆ 20 ಗ್ರಾಂ. 30 ದಿನಕ್ಕೆ 600 ಗ್ರಾಂ. ನಿಮ್ಮ ಮನೆಯಲ್ಲಿ ಒಂದು ಕೆಜಿ ಪೊಟ್ಟಣ ಎಷ್ಟು ದಿನ ಬರುತ್ತೆ? ಇವತ್ತೇ ಪೊಟ್ಟಣದ ಮೇಲೆ ತಾರೀಖು ಬರೆದಿಡಿ, ಗೊತ್ತಾಗುತ್ತೆ. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಕುರುಕಲು ಇವುಗಳಲ್ಲೂ ಉಪ್ಪಿದೆ ಅನ್ನೋದು ನೆನಪಿರಲಿ.

ಮೂರನೆಯದು ಕೈ, ಗಾಳಿ, ಹೊಗೆ

ನೂಲು ಬಿಚ್ಚುವವರ ಕೈ ದಿನವಿಡೀ ಬಿಸಿನೀರಿನಲ್ಲಿ ಇರುತ್ತೆ. ಬೆರಳ ಸಂದಿ ಬಿರಿಯುತ್ತೆ, ಹುಣ್ಣಾಗುತ್ತೆ. ಕೆಲಸ ಬಿಟ್ಟ ಕೂಡಲೇ ಒಳ್ಳೆ ನೀರಿನಲ್ಲಿ ಸೋಪು ಹಚ್ಚಿ ಕೈ ತೊಳೆಯಿರಿ. ಒಣ ಬಟ್ಟೆಯಲ್ಲಿ ಒರೆಸಿ. ಕೊಬ್ಬರಿ ಎಣ್ಣೆ ಸವರಿ. ಎರಡು ನಿಮಿಷದ ಕೆಲಸ. ಹಬೆ, ಹೊಗೆ ಹೊರಗೆ ಹೋಗೋಕೆ ಕಿಟಕಿ ತೆರೆದಿಡಿ. ಕೆಮ್ಮು ಎರಡು ವಾರ ದಾಟಿದರೆ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ. ಒಂದೇ ಕಡೆ ಕೂತು, ನಿಂತು ಸೊಂಟ ಹಿಡಿಯುತ್ತಲ್ಲ? ಬಾಣಲೆಯ ನೀರು ಬದಲಿಸುವಾಗಲೆಲ್ಲ ಕೈ ಮೇಲೆತ್ತಿ ಮೈ ಮುರಿಯಿರಿ, ನಾಲ್ಕು ಹೆಜ್ಜೆ ಓಡಾಡಿ.

ಇನ್ನು ಹೊಗೆಸೊಪ್ಪು. ಹಿಪ್ಪುನೇರಳೆ ತೋಟದ ಪಕ್ಕ ಹೊಗೆಸೊಪ್ಪು ಬೆಳೆದರೆ ಹುಳು ಸಾಯುತ್ತೆ ಅಂತ ಹಿರಿಯರಿಗೆ ಗೊತ್ತು. ಹುಳುವನ್ನು ಕೊಲ್ಲುವ ವಿಷವನ್ನು ನಾವು ಬೀಡಿಯಲ್ಲಿ ಎಳೀತೀವಿ, ಕಡ್ಡಿಪುಡಿ ಅಂತ ಎಲೆ ಅಡಿಕೆ ಜೊತೆ ಹಾಕಿಕೊಳ್ತೀವಿ. ಬಾಯಿಯ ಕ್ಯಾನ್ಸರ್ ಬರೋದು ಇದರಿಂದಲೇ ಹೆಚ್ಚು. ಬಿಡೋದು ಸುಲಭ ಅಲ್ಲ. ಆದರೂ ಹುಳು ಮನೆಗೆ ಹೋಗುವಾಗ ಬೀಡಿ ಹೊರಗೆ ಬಿಡುವ ಅಣ್ಣಂದಿರು, ಮಗು ಇರುವ ಮನೆಗೆ ಹೋಗುವಾಗಲೂ ಹೊರಗೆ ಬಿಡಬಹುದು. ಅಲ್ಲಿಂದ ಶುರು ಮಾಡಿ.

ನಾಲ್ಕನೆಯದು ವಿಶ್ರಾಂತಿ

ಹುಳುವಿಗೆ ನಾಲ್ಕು ಸಲ ಬಿಡುವು ಕೊಡ್ತೀವಿ. ನಾಲ್ಕನೇ ಜ್ವರ ಎದ್ದ ಮೇಲೆ ಅದು ತಿನ್ನೋದೇ ತಿನ್ನೋದು. ಆಗ ಮನೆಯ ಹೆಂಗಸಿಗೆ ರಾತ್ರಿ ನಿದ್ದೆಯೇ ಇಲ್ಲ. ಮೊದಲ ಸರದಿ ಒಬ್ಬರು, ಎರಡನೇ ಸರದಿ ಇನ್ನೊಬ್ಬರು ಅಂತ ಹಂಚಿಕೊಳ್ಳಿ. ದೊಡ್ಡವರಿಗೆ ದಿನಕ್ಕೆ ಏಳು ಗಂಟೆಯಾದರೂ ನಿದ್ದೆ ಬೇಕು.

ಅಣ್ಣಂದಿರಿಗೆ ಒಂದು ಮಾತು. ಘಟಕದಿಂದ ನೀರಿನ ಕ್ಯಾನು ನೀವು ತನ್ನಿ. ಗಾಡಿ ಇದೆಯಲ್ಲ! ಆ ಅರ್ಧ ಗಂಟೆ ಮನೆಯವಳಿಗೆ ಬಿಡುವು ಸಿಗುತ್ತೆ. ಹೆಣ್ಣುಮಕ್ಕಳಿಗೆ ಬಿಡುವು ದುಡ್ಡು ಕೊಟ್ಟರೆ ಸಿಗೋದಿಲ್ಲ, ಕೆಲಸ ಹಂಚಿಕೊಂಡರೆ ಮಾತ್ರ ಸಿಗುತ್ತೆ.

ಮನಸ್ಸಿಗೂ ಬಿಡುವು ಬೇಕು. ಗೂಡಿನ ರೇಟು ಬಿದ್ದಿತು, ಸಾಲದ ಕಂತು ಬಂತು ಅಂತ ಒಬ್ಬರೇ ಕೊರಗಬೇಡಿ. ಸಂಘದಲ್ಲಿ, ಈ ಕೇಂದ್ರದಲ್ಲಿ ಹೇಳಿಕೊಳ್ಳಿ. ಕಂತು ಎಷ್ಟು, ಬಡ್ಡಿ ಎಷ್ಟು ಅಂತ ನಾವೆಲ್ಲ ಕೂತು ಓದೋಣ. ಚಿಂತೆ ಮರೆಯೋಕೆ ಕುಡಿದರೆ ಸಾಲವೂ ಬೆಳೆಯುತ್ತೆ, ಕಾಯಿಲೆಯೂ ಬೆಳೆಯುತ್ತೆ.

ಐದನೆಯದು ಪರೀಕ್ಷೆ

ಹುಳುವಿನಲ್ಲಿ ರೋಗ ಇದೆಯಾ ಅಂತ ದಿನಾ ತಟ್ಟೆ ನೋಡ್ತೀರಿ. ನಿಮ್ಮ ಬಿ.ಪಿ. ಎಷ್ಟು ಅಂತ ಯಾವಾಗ ನೋಡಿದ್ದೀರಿ? ಬಿ.ಪಿ., ಸಕ್ಕರೆ ಕಾಯಿಲೆ ಮೊದಮೊದಲು ನೋವು ಕೊಡೋದಿಲ್ಲ. ಒಳಗೊಳಗೇ ಕೆಡಿಸುತ್ತವೆ. 30 ವರ್ಷ ದಾಟಿದವರು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ದುಡ್ಡು ಕೊಡಬೇಕಿಲ್ಲ. ಚೀಟಿ ಕೇಳಿ, ಅಂಕಿ ಓದಿ. ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ ಡಾಕ್ಟರನ್ನು ಕಾಣಿ. ಮಾತ್ರೆ ಕೊಟ್ಟರೆ, ಹುಷಾರಾಯ್ತು ಅಂತ ನೀವೇ ನಿಲ್ಲಿಸಬೇಡಿ.

ನಮ್ಮ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ನೂರು ವರ್ಷ ದಾಟಿ ಬದುಕಿದರು. 1962ರಲ್ಲಿ ತೀರಿಕೊಂಡರು. ಅವರಿಗಿಂತ ಬಿಡುವಿಲ್ಲದವರು ಯಾರಿದ್ದರು? ಹೊತ್ತಿಗೆ ಸರಿಯಾಗಿ ಕೆಲಸ ಅನ್ನೋದಕ್ಕೆ ಅವರು ಹೆಸರಾಗಿದ್ದರು. ನಾವು ಅಣೆಕಟ್ಟು ಕಟ್ಟಬೇಕಿಲ್ಲ. ಹೊತ್ತಿಗೆ ಸರಿಯಾಗಿ ಊಟ, ನೀರು, ನಿದ್ದೆ ಇಟ್ಟುಕೊಂಡರೆ ಸಾಕು.

ಐದನ್ನೂ ಒಟ್ಟಿಗೆ ಹಿಡಿಯಬೇಡಿ. ಈ ವಾರ ಒಂದು. ಅದು ಅಭ್ಯಾಸವಾದ ಮೇಲೆ ಇನ್ನೊಂದು. ಮೊದಲು ನೀರು. ಬರುವ ಸೋಮವಾರ ಪಂಚಾಯ್ತಿಗೆ ಹೋಗಿ ಫ್ಲೋರೈಡ್ ಚೀಟಿ ಕೇಳೋಣ. ಯಾರು ಯಾರು ಬರ್ತೀರಿ? ಹೆಸರು ಬರೆಯಿರಿ. ನಿಮ್ಮ ಹೆಸರು, ನಿಮ್ಮ ಕೈಯಿಂದಲೇ.

ಓದಿದಿರಾ? ಈಗ ಹೇಳಿ

1. ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆಯೇ?
2. ಶುದ್ಧ ನೀರು ಕಡಿಮೆ ಇದ್ದರೆ ಮೊದಲು ಯಾರಿಗೆ ಕೊಡಬೇಕು?
3. ನಿಮ್ಮ ಮನೆಯಲ್ಲಿ ಎಷ್ಟು ಜನ? ತಿಂಗಳಿಗೆ ಎಷ್ಟು ಗ್ರಾಂ ಉಪ್ಪು ಸಾಕು? ಲೆಕ್ಕ ಮಾಡಿ.
4. ನೀರಿನ ಪರೀಕ್ಷೆ ಮಾಡಿಸಿ ಎಂದು ಪಂಚಾಯ್ತಿಗೆ ಐದು ಸಾಲಿನ ಅರ್ಜಿ ಬರೆಯಿರಿ.